ಬೆವರು ಆರಿದ ಬೆಳಗು

ಹೋದ ತಿಂಗಳ ಒಂದು ಭಾನುವಾರ ದೇವಸ್ಥಾನದಲ್ಲಿ ಬೆಳಗಿನ ಮಂಗಳಾರತಿ ಮುಗಿಸಿಕೊಂಡು ಸಂಪಿಗೆ ರಸ್ತೆಗೆ ಬಂದರೆ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಒಂದೇ ಬಣ್ಣದ ಅಂಗಿ ತೊಟ್ಟ ನೂರಾರು ಜನ ರಸ್ತೆಯ ತುಂಬ ನಿಂತಿದ್ದರು. ಯಾವುದೋ ಸದುದ್ದೇಶದ ಓಟವಂತೆ. ಎತ್ತರದ ವೇದಿಕೆಯ ಮೇಲೆ ತರುಣನೊಬ್ಬ ಧ್ವನಿವರ್ಧಕವನ್ನು ಬಾಯಿಗೆ ಒತ್ತಿಕೊಂಡು ಅರಚುತ್ತಿದ್ದ. ಅವನ ಹಿಂದೆ ಹಾಡೊಂದು ಎದೆಗೆ ಗುದ್ದುವಂತೆ ಬಡಿಯುತ್ತಿತ್ತು. ಜನರೆಲ್ಲ ಕೈಕಾಲು ಬೀಸಿ, ನಡುನಡುವೆ ನಿಂತು ತಮ್ಮ ಚಿತ್ರಗಳನ್ನು ತಾವೇ ತೆಗೆದುಕೊಳ್ಳುತ್ತಿದ್ದರು. "ವಾರ್ಮ್ ಅಪ್ ಮಾಡಿಸ್ತಿದಾರೆ ಆಂಟಿ, ನೀವೂ ಬನ್ನಿ," ಎಂದು ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ನಕ್ಕಳು. ಆಕೆಯದೇನೂ ತಪ್ಪಿಲ್ಲ. ಆದರೂ ಆ ಮಾತಿಗೆ, ಆ ಗದ್ದಲಕ್ಕೆ, ನನಗೆ ಹೇಸಿಗೆಯಾಯಿತು. ಪಕ್ಕದ ಓಣಿಗೆ ತಿರುಗಿಕೊಂಡೆ. ಅಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಾಕೆ, ಆ ಗುಂಪಿಗೂ ತನಗೂ ಸಂಬಂಧವಿಲ್ಲವೆಂಬಂತೆ ಕುಳಿತು, ಮೀನಖಂಡಕ್ಕೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮಲ್ಲೇಶ್ವರದ ಹಳೆಯ ಮೈದಾನದಲ್ಲಿ, ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಧನುರ್ಮಾಸದಲ್ಲಿ ನಿಂತಿದ್ದೆ.

ನಾನು ಆಗ ಮಲ್ಲೇಶ್ವರದ ಒಂದು ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕಿ. ಓಟಕ್ಕೂ ನನಗೂ ಎಳ್ಳಷ್ಟೂ ನಂಟಿರಲಿಲ್ಲ. ಆದರೆ ಹುಡುಗಿಯರು ಬೆಳಗಿನ ಅಭ್ಯಾಸಕ್ಕೆ ಹೊರಗಿನ ಮೈದಾನಕ್ಕೆ ಹೋಗುವುದಾದರೆ ವ್ಯಾಯಾಮ ಶಿಕ್ಷಕಿಯ ಜೊತೆಗೆ ಹಿರಿಯ ಅಧ್ಯಾಪಕಿಯೊಬ್ಬರು ಇರಲೇಬೇಕೆಂದು ನಮ್ಮ ಆಡಳಿತ ಮಂಡಳಿಯ ಕಟ್ಟಳೆ. ಉಳಿದವರಿಗೆಲ್ಲ ಚಿಕ್ಕ ಮಕ್ಕಳು, ಅತ್ತೆ ಮಾವ. ಧನುರ್ಮಾಸದಲ್ಲಿ ನಾನು ಹೇಗೂ ನಸುಕಿನಲ್ಲೇ ಎದ್ದು ಸ್ನಾನ ಮಾಡಿ, ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡುವವಳೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಈ ಹೊಣೆ ನನ್ನ ತಲೆಗೆ ಬಂತು. ಮೊದಲ ದಿನ ಶಾಲು ಹೊದ್ದು, ಜಪಸರವನ್ನು ಕೈಚೀಲದಲ್ಲಿಟ್ಟುಕೊಂಡು, ಕಲ್ಲು ಬೆಂಚಿನ ಮೇಲೆ ಕುಳಿತು ನನ್ನ ಪಾಡಿಗೆ ನಾನಿರೋಣವೆಂದೇ ಹೋದೆ.

ವ್ಯಾಯಾಮ ಶಿಕ್ಷಕಿ ಫಿಲೋಮಿನಾ ಮನೆಯಲ್ಲಿ ತಮಿಳು ಆಡುವ ಕ್ರೈಸ್ತ ಕುಟುಂಬದವಳು. ತೆಳ್ಳಗೆ, ಕಪ್ಪಗೆ, ಕೊರಳಲ್ಲಿ ಸೀಟಿ. ತಾನೂ ಹಿಂದೆ ಓಡಿದವಳು. ಅವಳ ಕೈಕೆಳಗೆ ಹತ್ತಾರು ಹುಡುಗಿಯರಿದ್ದರೂ ಕಣ್ಣೆಲ್ಲ ಒಬ್ಬಳ ಮೇಲೆ: ಬಿ.ಎ. ಕೊನೆಯ ವರ್ಷದ ರತ್ನ. ರತ್ನಳ ತಂದೆ ಚನ್ನಪ್ಪ ಮತ್ತಿಕೆರೆಯಲ್ಲಿ ಎಮ್ಮೆ ಕಟ್ಟಿಕೊಂಡು ನಮ್ಮ ಬೀದಿಗಳಿಗೆಲ್ಲ ಹಾಲು ಹಾಕುತ್ತಿದ್ದವನು. ಮಗಳು ಮೈದಾನದ ಒಂದು ಪೂರ್ತಿ ಸುತ್ತಿನ ಓಟ ಓಡುವವಳು. ಅಷ್ಟು ದೂರವನ್ನು ಮೊದಲಿಂದ ಕೊನೆಯವರೆಗೂ ಕಸುವಿನಿಂದ ಓಡುವುದು ಬಹು ಕಷ್ಟವೆಂದು ಫಿಲೋಮಿನಾ ಹೇಳಿದ ಮೇಲೆ ನನಗೆ ತಿಳಿಯಿತು.

ನನ್ನ ಜಪ ಮೊದಲ ದಿನವೇ ಕೆಟ್ಟಿತು. ಕಾರಣ, ಓಟದಲ್ಲಿ ಓಟಕ್ಕಿಂತ ಮುಂಚಿನದೇ ಹೆಚ್ಚೆಂಬುದು ನನಗೆ ಹೊಸದು. ಹುಡುಗಿಯರು ಬಂದವರೇ ಓಡಲಿಲ್ಲ. ಮೊದಲು ನಡೆದರು. ಆಮೇಲೆ, ಮಾತಾಡುತ್ತ ಹೋದರೂ ಏದುಸಿರು ಬಾರದಷ್ಟು ನಿಧಾನವಾಗಿ ಸುತ್ತು ಬಂದರು. ಆಮೇಲೆ ಕೊರಳು, ಹೆಗಲು, ಸೊಂಟ, ಮಂಡಿ, ಪಾದದ ಹರಡು, ಹೀಗೆ ಒಂದೊಂದು ಕೀಲನ್ನೂ ಕ್ರಮವಾಗಿ, ಅವಸರವಿಲ್ಲದೆ ತಿರುಗಿಸಿ ಸಡಿಲಿಸಿದರು. ತೊಡೆಯ ಹಿಂಭಾಗವನ್ನು ಮೆಲ್ಲಮೆಲ್ಲನೆ ಎಳೆದು ಹಿಗ್ಗಿಸಿದರು. ಮಂಡಿಯನ್ನು ಎದೆಯ ಎತ್ತರಕ್ಕೆ ಎತ್ತೆತ್ತಿ ಹೆಜ್ಜೆ ಹಾಕಿದರು. ಕೊನೆಗೆ ಒಂದಿಷ್ಟು ದೂರ ಬಿರುಸಾಗಿ ಓಡಿ ನಿಂತರು, ಮತ್ತೆ ಓಡಿ ನಿಂತರು. ಅಷ್ಟು ಹೊತ್ತಿಗೆ ಆ ಕೊರೆಯುವ ಚಳಿಯಲ್ಲೂ ಹಣೆಯ ಮೇಲೆ ಬೆವರು ಮೂಡಿತ್ತು. ಆ ಬೆವರನ್ನು ಕಂಡೊಡನೆ ಫಿಲೋಮಿನಾ, "ಸ್ವೆಟರ್ ಹಾಕ್ಕೊಳ್ರೇ, ಗಾಳಿ ತಾಕಿಸ್ಬೇಡಿ. ಕೂತ್ರೆ ಕಾಲು ಮುರೀತೀನಿ!" ಎಂದು ಗದರಿದಳು.

"ಇಷ್ಟೆಲ್ಲ ಯಾಕಮ್ಮ? ಓಡೋ ಶಕ್ತಿ ಇದರಲ್ಲೇ ಅರ್ಧ ಖರ್ಚಾಗೋದಿಲ್ವೆ?" ಎಂದು ಕೇಳಿದೆ.

"ಇಲ್ಲ ಮೇಡಂ. ಮೈ ಬಿಸಿ ಆದ್ರೆ ಒಳಗಿರೋ ಸ್ನಾಯು ರಬ್ಬರ್ ಥರ ಎಳೀತದೆ. ತಣ್ಣಗಿದ್ದಾಗ ಜೋರಾಗಿ ಓಡಿದ್ರೆ ಒಣಗಿದ ಬಾಳೆನಾರು. ಪಟ್ ಅಂತ ಹೋಗ್ತದೆ. ಒಂದ್ಸಲ ಹೋಯ್ತು ಅಂದ್ರೆ ಆ ವರ್ಷ ಹೋದಂಗೇ."

"ಬಿಸಿ ಆದ ಮೇಲೆ?"

"ಆದ್ಮೇಲೆ ತಡ ಮಾಡಂಗಿಲ್ಲ. ಕಾಲ್ಗಂಟೆ ನಿಂತ್ರೆ ಮುಗೀತು, ಮತ್ತೆ ಮೊದ್ಲಿಂದ."

ಅಂದು ಮನೆಗೆ ಹಿಂದಿರುಗುವಾಗ ನನ್ನ ಮನಸ್ಸಿನಲ್ಲಿ ಇದೇ ಸುಳಿಯುತ್ತಿತ್ತು. ನಾವು ಪೂಜೆಗೆ ಕುಳಿತರೆ ನೇರವಾಗಿ ದೇವರ ತಲೆಗೆ ನೀರೆರೆಯುವುದಿಲ್ಲ. ಆಚಮನ, ಪ್ರಾಣಾಯಾಮ, ಸಂಕಲ್ಪ, ಕಲಶಪೂಜೆ, ಶಂಖಪೂಜೆ. ಒಂದೊಂದು ಅಂಗವನ್ನೂ ಮುಟ್ಟಿ ಮಾಡುವ ನ್ಯಾಸ. ಇವೆಲ್ಲ ಪೂರ್ವಾಂಗ. ಪೂರ್ವಾಂಗವು ಪೂಜೆಗೆ ಮುಂಚಿನದಲ್ಲ, ಪೂಜೆಯದೇ ಭಾಗ. ತಂಬೂರಿ ಶ್ರುತಿಗೊಳ್ಳುವಾಗಲೇ ಕಛೇರಿ ಆರಂಭವಾಗಿರುತ್ತದೆಂದು ನನ್ನ ತಂದೆಯವರು ಹೇಳುತ್ತಿದ್ದರು. ಈ ಹುಡುಗಿಯರು ಮಾಡುತ್ತಿದ್ದುದೂ ದೇಹಕ್ಕೆ ಶ್ರುತಿ ಕೂಡಿಸುವ ಕೆಲಸ. ಅದರಲ್ಲೂ ರತ್ನ ಮಾಡುತ್ತಿದ್ದ ರೀತಿ! ಬೇರೆಯವರು ಹರಟುತ್ತ ಕೀಲು ತಿರುಗಿಸಿದರೆ, ಅವಳು ಕಣ್ಣನ್ನು ಅರ್ಧ ಮುಚ್ಚಿ, ತುಟಿ ಅಲುಗಿಸದೆ, ಎಲ್ಲಿಯೋ ಒಳಗೆ ಆಲಿಸುವವಳಂತೆ ಮಾಡುತ್ತಿದ್ದಳು. ಮರುದಿನದಿಂದ ಜಪಸರವನ್ನು ಮನೆಯಲ್ಲೇ ಬಿಟ್ಟು ಬಂದೆ. ಬದಲಿಗೆ ಹುಗ್ಗಿಯ ಡಬ್ಬಿಯನ್ನು ತರತೊಡಗಿದೆ. ಅಭ್ಯಾಸ ಮುಗಿದ ಮೇಲೆ ಹುಡುಗಿಯರು ಮುತ್ತುಗದೆಲೆಯಲ್ಲಿ ಅದನ್ನು ಹಂಚಿಕೊಂಡು ತಿನ್ನುವಾಗ ಮೆಣಸು, ತುಪ್ಪ, ನೀಲಗಿರಿ ಎಣ್ಣೆಯ ವಾಸನೆಗಳು ಮಂಜಿನಲ್ಲಿ ಬೆರೆತಿರುತ್ತಿದ್ದವು.

ಎಲ್ಲವೂ ಇಷ್ಟು ಚೆನ್ನಾಗಿರಲಿಲ್ಲ. ಮೈದಾನದ ಮೋಟುಗೋಡೆಯ ಮೇಲೆ ಬೆಳಗಾಗುತ್ತಲೇ ಪಡ್ಡೆ ಹುಡುಗರು ಸಾಲಾಗಿ ಕೂರುತ್ತಿದ್ದರು. ಹುಡುಗಿಯರು ಕಾಲು ಚಾಚಿ ಬಾಗಿದರೆ ಸಿಳ್ಳು. "ಮಗಾ, ಇವಳು ಹಾಲಿನ ಚನ್ನಪ್ಪನ ಮಗಳಲ್ವೇನೋ? ಎಮ್ಮೆ ಮೇಯಿಸೋದು ಬಿಟ್ಟು ತಾನೇ ಓಡ್ತಾವ್ಳೆ!" ಎಂದು ನಗು. ರತ್ನ ತಲೆಯೆತ್ತದೆ, "ಎಮ್ಮೆನಾದ್ರೂ ಕೆಲ್ಸಕ್ಕೆ ಬರತ್ತೆ, ಗೋಡೆ ಮೇಲೆ ಕೂತಿರೋ ಕಾಗೆ ಯಾತಕ್ಕೆ ಬರತ್ತೆ?" ಎಂದಳು. ಫಿಲೋಮಿನಾ ಬಿದ್ದುಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಓದುವ ವಯಸ್ಸಿನ ಗಂಡುಮಕ್ಕಳ ಕಣ್ಣುಗಳಲ್ಲಿ ನೊಣ ಕೂರುವಂಥ ಆ ಅಂಟು ನೋಟವನ್ನು ಕಂಡು ವಾಕರಿಕೆ ಬಂದಿತ್ತು.

ಒಂದು ಬೆಳಗ್ಗೆ ಹಾಲು ಹಾಕಲು ಬಂದಾಗ ಚನ್ನಪ್ಪ ಸೈಕಲನ್ನು ಗೇಟಿಗೆ ಒರಗಿಸಿ ನಿಂತ. "ಮೇಡಂನೋರೆ, ನಮ್ ರತ್ನನ್ನ ನೀವು ದಿನಾ ನೋಡ್ತೀರಿ. ಓಡಿದ್ರೆ ನಿಜ್ವಾಗ್ಲೂ ಕೆಲ್ಸ ಕೊಡ್ತಾರಾ?"

ಕೊಡುತ್ತಾರೆಂದು ಫಿಲೋಮಿನಾಳಿಂದ ಕೇಳಿದ್ದೆ. ಸರ್ಕಾರದ ಒಂದು ಇಲಾಖೆ ತನ್ನ ಮಹಿಳಾ ತಂಡಕ್ಕೆ ಓಟಗಾರ್ತಿಯರನ್ನು ಆರಿಸಿಕೊಳ್ಳಲಿತ್ತು. ಚಾಮರಾಜಪೇಟೆಯಲ್ಲಿ ಒಂದು ಸಂಘ ನಡೆಸುವ ಕ್ರೀಡಾಕೂಟಕ್ಕೆ ಅದರ ಅಧಿಕಾರಿಯೊಬ್ಬರು ಬರುವವರಿದ್ದರು. ಒಂದು ಸುತ್ತಿನ ಓಟದಲ್ಲಿ ಮೊದಲು ಬಂದವಳಿಗೆ ಕೆಲಸ. ಅರ್ಧ ದಿನ ಕಚೇರಿ, ಉಳಿದದ್ದು ಮೈದಾನ.

"ಹಂಗಾದ್ರೆ ಓಡ್ಲಿ ಬಿಡಿ, ನಾನು ಬ್ಯಾಡ ಅನ್ನಲ್ಲ," ಎಂದ ಚನ್ನಪ್ಪ. "ಇಲ್ದಿದ್ರೆ ಸಂಕ್ರಾಂತಿ ಆದ್ಮೇಲೆ ಗಂಡಿನ ಕಡೆಯೋರು ಬತ್ತಾರೆ. ಒಳ್ಳೇ ಜನ, ಬಿಟ್ರೆ ಸಿಗಲ್ಲ. ಆದ್ರೆ ಸೊಸೆ ಚಡ್ಡಿ ಹಾಕ್ಕೊಂಡು ಓಡೋದನ್ನ ಯಾರು ಒಪ್ತಾರೆ, ನೀವೇ ಹೇಳಿ. ಅದ್ಕೇ ಅವ್ಳಿಗೂ ಹೇಳಿವ್ನಿ: ಇದೊಂದು ಓಟ. ಗೆದ್ರೆ ನಿನ್ ದಾರಿ. ಸೋತ್ರೆ ನನ್ ದಾರಿ."

ಅವನು ಕಟುಕನಲ್ಲ. ಕೊಟ್ಟ ಮಾತಿಗೆ ನಿಲ್ಲುವವನು. ರತ್ನಳಿಗೆ ಆ ಕೆಲಸದ ಕುರ್ಚಿಯ ಮೇಲಾಗಲಿ, ಸಂಬಳದ ಮೇಲಾಗಲಿ ಆಸೆಯಿರಲಿಲ್ಲ. ಹುಗ್ಗಿ ತಿನ್ನುತ್ತ ಒಮ್ಮೆ ನನ್ನ ಬಳಿ ಹೇಳಿದಳು: "ಕೆಲ್ಸ ಸಿಕ್ರೆ ಓಡ್ತಾನೇ ಇರ್ಬೋದಲ್ವ ಮೇಡಂ? ಅಷ್ಟೇ."

ಕ್ರೀಡಾಕೂಟದ ದಿನ ಶನಿವಾರ. ಮದರಾಸಿನ ಕಡೆ ಸಮುದ್ರದಲ್ಲಿ ಬಿರುಗಾಳಿ ಎದ್ದಿತ್ತಂತೆ. ಬೆಂಗಳೂರಿನ ಮೇಲೆ ಎರಡು ದಿನದಿಂದ ಮೋಡ ಕವಿದು, ಹನಿ ಉದುರಿ, ಥಂಡಿ ಗಾಳಿ ಬೀಸುತ್ತಿತ್ತು. ಎಂಟೂವರೆಗೆ ಉದ್ಘಾಟನೆ, ಕೂಡಲೇ ಹೆಂಗಸರ ಓಟವೆಂದು ಕರಪತ್ರದಲ್ಲಿತ್ತು. ಫಿಲೋಮಿನಾ ಅದಕ್ಕೆ ಸರಿಯಾಗಿ ಲೆಕ್ಕ ಹಾಕಿ ಹುಡುಗಿಯರನ್ನು ಅಣಿಗೊಳಿಸಿದಳು. ಹೊಸ ಜಾಗ, ಬೇರೆ ಬೇರೆ ಕಾಲೇಜಿನವರ ಗದ್ದಲ. ಆದರೂ ರತ್ನ ಮೂಲೆಯೊಂದರಲ್ಲಿ ತನ್ನ ಕ್ರಮವನ್ನು ಒಂದೂ ಬಿಡದೆ ಮುಗಿಸಿದಳು. ಅಂದಿನಷ್ಟು ಹಗುರವಾಗಿ ಅವಳು ನೆಲದಿಂದ ಏಳುವುದನ್ನು ನಾನು ಕಂಡಿರಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. "ಆಯ್ತು ಮೇಡಂ," ಎಂದು ಫಿಲೋಮಿನಾ ನನ್ನ ಕೈ ಹಿಸುಕಿದಳು. "ಇವತ್ತು ಇವಳನ್ನ ಯಾರೂ ಹಿಡಿಯಕ್ಕಾಗಲ್ಲ."

ಆಗ ಬಂದರು ಸಂಘದ ಕಾರ್ಯದರ್ಶಿ ನಂಜುಂಡಯ್ಯನವರು. ಜರಿಪೇಟ, ಎದೆಯ ಮೇಲೆ ಬಟ್ಟೆಯ ಹೂವು. "ಓಟದ ಹುಡುಗೀರೆಲ್ಲ ಇಲ್ಲಿ ಬನ್ರಮ್ಮ. ಮುಖ್ಯ ಅತಿಥಿಗಳು ಬರ್ತಿದಾರೆ. ಬಾಗಿಲಿಂದ ವೇದಿಕೆವರೆಗೂ ಎರಡು ಸಾಲು ನಿಂತ್ಕೊಳ್ಳಿ. ಕೈಗೆ ಹೂವಿನ ತಟ್ಟೆ ಕೊಡ್ತಾರೆ. ಸ್ವೆಟರ್ ಬಿಚ್ಚಿ, ಬನಿಯನ್ ಮೇಲಿರೋ ಕಾಲೇಜಿನ ಹೆಸರು ಫೋಟೋದಲ್ಲಿ ಕಾಣ್ಬೇಕು."

"ಸಾರ್, ಇವ್ರು ವಾರ್ಮ್ ಅಪ್ ಆಗಿದಾರೆ. ನಿಲ್ಲಿಸಂಗಿಲ್ಲ. ತಟ್ಟೆ ಹಿಡಿಯಕ್ಕೆ ಬೇರೆಯೋರನ್ನ ಕರೀರಿ," ಎಂದಳು ಫಿಲೋಮಿನಾ.

"ಐದು ನಿಮಿಷ ತಾಯಿ. ಕಾರು ಆಗ್ಲೇ ಕಲಾಸಿಪಾಳ್ಯ ದಾಟಿದೆ."

ಸಾಲಿಗೆ ನಿಲ್ಲದ ಕಾಲೇಜನ್ನು ಓಟದಿಂದಲೇ ಕೈಬಿಡುವುದಾಗಿ ಹಿಂದೆ ನಿಂತಿದ್ದವನೊಬ್ಬ ಗೊಣಗಿದ. ರತ್ನ ಸ್ವೆಟರ್ ಬಿಚ್ಚಿ ಫಿಲೋಮಿನಾಳ ಕೈಗೆ ಕೊಟ್ಟಳು. ಕಾರು ಐದು ನಿಮಿಷದಲ್ಲಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಒಂಬತ್ತು ಹೊಡೆದ ಮೇಲೆ ಬಂತು. ಇಳಿದವರು ಆಗ ರಾಜಕಾರಣದಲ್ಲಿ ಮೇಲೇರುತ್ತಿದ್ದ ಒಬ್ಬರು. ಹೆಸರು ಬರೆದು ಲೇಖನಿಯನ್ನು ಮೈಲಿಗೆ ಮಾಡಿಕೊಳ್ಳಲಾರೆ. ಜೊತೆಗೆ ವೀಳ್ಯ ಮೆಲ್ಲುವ ಬಾಲಬಡುಕರ ದಂಡು. ಹುಡುಗಿಯರು ಹೂವು ಎರಚಿದರು. ಆ ಮಹಾಶಯರು ಇನ್ನೇನು ವೇದಿಕೆಯ ಮೆಟ್ಟಿಲು ಏರಬೇಕು, ಕೈಗಡಿಯಾರ ನೋಡಿ ಥಟ್ಟನೆ ನಿಂತುಬಿಟ್ಟರು.

"ಏನ್ರೀ ಇದು, ರಾಹುಕಾಲ ಶುರುವಾಗೋಗಿದೆ! ಶನಿವಾರ ಒಂಬತ್ತರಿಂದ ಹತ್ತೂವರೆ. ಈಗ ದೀಪ ಹಚ್ಚು ಅಂತೀರಾ ನನಗೆ?"

"ಛೆ ಛೆ, ಎಲ್ಲಾದ್ರೂ ಉಂಟೇ! ಹತ್ತೂವರೆಗೇ ಮಾಡೋಣ. ಅಲ್ಲೀವರೆಗೂ ತಿಂಡಿ ತಗೊಳ್ಳಿ," ಎಂದು ನಂಜುಂಡಯ್ಯನವರು ಶಾಮಿಯಾನದ ಕಡೆ ಕೈ ತೋರಿದರು.

ಫಿಲೋಮಿನಾ ಓಡಿಬಂದು ನನ್ನ ತೋಳು ಹಿಡಿದಳು. "ಮೇಡಂ, ನೀವು ಹೇಳಿ. ನಾನು ಹೇಳಿದ್ರೆ ಇವಳಿಗೇನು ಗೊತ್ತು ರಾಹುಕಾಲ ಅಂತಾರೆ. ನಿಮ್ಮ ಮಾತು ಕೇಳ್ತಾರೆ."

ನಾನು ಹೋದೆ. ರಾಹುಕಾಲವನ್ನು ನೋಡುವವಳೇ ನಾನು, ಇಂದಿಗೂ ನೋಡುತ್ತೇನೆ. ಆದ್ದರಿಂದಲೇ ಹೇಳುವ ಅಧಿಕಾರ ನನಗಿತ್ತು. "ನಂಜುಂಡಯ್ಯನೋರೆ, ಸಂಕಲ್ಪ ಮಾಡಿ ಒಂದು ಕರ್ಮವನ್ನ ಆರಂಭ ಮಾಡಿದ ಮೇಲೆ ನಡುವೆ ಸೂತಕ ಬಂದರೂ ಅದು ಬಾಧಿಸೋದಿಲ್ಲ ಅಂತ ಧರ್ಮಶಾಸ್ತ್ರ ಒಪ್ಪತ್ತೆ. ಈ ಮಕ್ಕಳು ಎಂಟು ಗಂಟೆಗೇ ಮೈ ಅಣಿ ಮಾಡ್ಕೊಂಡಿದಾರೆ. ಅದೇ ಪೂರ್ವಾಂಗ. ಓಟ ಆಗಲೇ ಆರಂಭವಾಗಿದೆ. ಅರ್ಧದಲ್ಲಿ ನಿಲ್ಲಿಸೋದೇ ದೋಷ. ಅಲ್ಲದೆ ಇದು ಧನುರ್ಮಾಸ; ಇಂಥ ಸಮಾರಂಭಕ್ಕೆ ತಿಂಗಳಿಡೀ ಮುಹೂರ್ತವೇ ಇಲ್ಲದಿರುವಾಗ ಒಂದೂವರೆ ಗಂಟೆ ಕಾದು ಯಾವ ಶುದ್ಧಿ ಹುಡುಕ್ತೀರಿ?"

ನಂಜುಂಡಯ್ಯನವರು ಅತಿಥಿಗಳ ಮುಖ ನೋಡಿದರು. ಮುಖ್ಯ ಅತಿಥಿಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ಕಾಲು ಕುಣಿಸೋದೂ ಪೂಜೆನಾ ಮೇಡಂ? ಒಳ್ಳೇ ಶಾಸ್ತ್ರ ಓದಿದೀರಿ!" ಬಾಲಬಡುಕರೆಲ್ಲ ನಕ್ಕರು. ಅವರಲ್ಲೊಬ್ಬ ಕತ್ತು ಪಕ್ಕಕ್ಕೆ ತಿರುಗಿಸಿ, ಓಟದ ಪಥದ ಮೇಲೆ, ಸುಣ್ಣದಲ್ಲಿ ಎಳೆದ ಬಿಳಿಯ ಗೆರೆಯ ಪಕ್ಕದಲ್ಲೇ, ಬಾಯಿ ತುಂಬಿದ್ದ ವೀಳ್ಯವನ್ನು ಉಗಿದ. ಅದು ಓಟಗಾರರು ಬಾಗಿ ಬೆರಳೂರುವ ಜಾಗ. ಅವರಿಗೆ ಅದು ಕಾಣಲೇ ಇಲ್ಲ. ಎಂಜಲೆಂದರೇನೆಂದು ತಿಳಿಯದವರು ರಾಹುವಿಗೆ ಹೆದರುತ್ತಿದ್ದರು!

ಹುಡುಗಿಯರನ್ನು ಸಾಲಿನಿಂದ ಬಿಡಲಿಲ್ಲ. ಸಾಹೇಬರು ಯಾವ ಗಳಿಗೆಯಲ್ಲಾದರೂ ಹೊರಬರಬಹುದಂತೆ. "ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಿರ್ರೇ," ಎಂದು ಫಿಲೋಮಿನಾ ಸಾಲಿನ ಹಿಂದೆ ಓಡಾಡುತ್ತ ಪಿಸುಗುಟ್ಟಿದಳು. ರತ್ನ ಹಾಗೆ ಮಾಡಿದರೆ ಛಾಯಾಗ್ರಾಹಕ, "ಅಲ್ಲಾಡ್ಬೇಡ್ರಮ್ಮ, ಫೋಟೋ ಕೆಡತ್ತೆ!" ಎಂದು ಕೂಗಿದ. ಹನಿ ಬೀಳತೊಡಗಿತು. ರತ್ನಳ ತೋಳಿನ ಮೇಲೆ ರೋಮ ನಿಮಿರಿ ನಿಂತದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ಹಣೆಯ ಬೆವರು ಆರಿ ಉಪ್ಪಿನ ಸಣ್ಣ ಗೆರೆ ಉಳಿದಿತ್ತು. ಅವಳು ತುಟಿ ಕಚ್ಚಿ ತಟ್ಟೆಯನ್ನು ಹಿಡಿದು ನಿಂತಿದ್ದಳು. ಎರಡು ಮಾರು ದೂರದಲ್ಲಿ, ಶಾಮಿಯಾನದೊಳಗೆ, ಬಾಳೆಲೆಗಳ ಮೇಲೆ ಇಡ್ಲಿ, ವಡೆ, ಕೇಸರಿಬಾತು. ಸಾಹೇಬರು ಚಟ್ನಿಯಲ್ಲಿ ಬೆರಳದ್ದಿ ನೆಕ್ಕಿದರು, ತೇಗಿದರು, ಇನ್ನೊಂದು ವಡೆ ಹಾಕಿಸಿಕೊಂಡರು, ತುಪ್ಪ ಹತ್ತಿದ ಕೈಯನ್ನು ಶಾಮಿಯಾನದ ಬಟ್ಟೆಗೇ ಒರೆಸಿದರು. ನಾನು ತರಗತಿಯಲ್ಲಿ ಬೀಭತ್ಸ ರಸವನ್ನು ಪಾಠ ಮಾಡುವಾಗ ಪರಂಪರೆಯಂತೆ ಶ್ಮಶಾನವನ್ನೂ ಕೊಳೆತ ಹೆಣವನ್ನೂ ಉದಾಹರಿಸುತ್ತಿದ್ದೆ. ಆ ದಿನದಿಂದ ಆ ಪಾಠ ಬಂದಾಗಲೆಲ್ಲ ನನ್ನ ಕಣ್ಣಿಗೆ ಶ್ಮಶಾನ ಕಟ್ಟುವುದಿಲ್ಲ. ಆ ಶಾಮಿಯಾನ ಕಟ್ಟುತ್ತದೆ. ಶ್ಮಶಾನದಲ್ಲಿ ಒಂದು ಸತ್ಯವಾದರೂ ಇದೆ.

ಹತ್ತೂವರೆಗೆ ದೀಪ ಹಚ್ಚಿದರು. ಆಮೇಲೆ ಭಾಷಣ. ನಮ್ಮ ಸನಾತನ ಸಂಸ್ಕೃತಿಯಲ್ಲಿ ಶರೀರಕ್ಕೆ ಎಂಥ ಮಹತ್ವ, ಸ್ತ್ರೀಗೆ ಎಂಥ ಗೌರವ ಎಂಬುದನ್ನು, ಥಂಡಿಯಲ್ಲಿ ನಡುಗುತ್ತಿದ್ದ ಸ್ತ್ರೀಯರ ಎದುರಿಗೆ, ಹೊಟ್ಟೆ ತುಂಬಿದ ದನಿಯಲ್ಲಿ ವಿವರಿಸಿದರು. ಭಾಷಣ ಮುಗಿದದ್ದೇ ಓಟವೆಂದು ಘೋಷಣೆಯಾಯಿತು.

ಫಿಲೋಮಿನಾ ನಂಜುಂಡಯ್ಯನವರ ಎದುರಿಗೆ ಕೈಮುಗಿದು ನಿಂತಳು. "ಸಾರ್, ಹತ್ತೇ ಹತ್ತು ನಿಮಿಷ ಕೊಡಿ. ಎರಡು ಸುತ್ತು ನಿಧಾನಕ್ಕೆ ಓಡಿಸ್ಕೊಂಡು ಬರ್ತೀನಿ. ಹಿಂಗೇ ಓಡಿದ್ರೆ ಮಕ್ಕಳ ಕಾಲು ಹೋಗ್ತದೆ."

"ಸಾಹೇಬ್ರೇ ಬಾವುಟ ಬೀಸ್ಬೇಕು, ಅವರಿಗೆ ಬಸವನಗುಡೀಲಿ ಇನ್ನೊಂದು ಕಾರ್ಯಕ್ರಮ ಇದೆ. ಎರಡು ಗಂಟೆಯಿಂದ ಸುಮ್ನೇ ನಿಂತಿದ್ರಲ್ಲಮ್ಮ, ಒಳ್ಳೇ ವಿಶ್ರಾಂತಿ ಆಗಿದೆ. ಓಡ್ಲಿ ಬಿಡಿ."

ನಾನು ಗೆರೆಯ ಬಳಿಗೆ ಹೋದೆ. ರತ್ನ ತೊಡೆಯನ್ನು ಎರಡೂ ಕೈಯಿಂದ ತಿಕ್ಕಿಕೊಳ್ಳುತ್ತಿದ್ದಳು. "ಓಡಬೇಡ ಮಗು. ಮುಂದೆ ಇನ್ನೊಂದು ಬರತ್ತೆ," ಎಂದೆ.

"ಇಲ್ಲ ಮೇಡಂ, ನನಗೆ ಇದೊಂದೇ," ಎಂದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಗೆರೆಯ ಪಕ್ಕದಲ್ಲಿದ್ದ ಆ ಕೆಂಪು ಉಗುಳನ್ನು ನೋಡಿದಳು. ಕಾಲಿನಿಂದ ಅದರ ಮೇಲೆ ಮಣ್ಣು ಎಳೆದು ಮುಚ್ಚಿ, ಅದರ ಪಕ್ಕದಲ್ಲೇ ಬೆರಳೂರಿ ಬಾಗಿದಳು. ನಾನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ.

ಬಾವುಟ ಬಿತ್ತು. ಮೊದಲ ತಿರುವಿನಲ್ಲಿ ಅವಳು ಮೂರನೆಯವಳು. ಎದುರಿನ ನೇರದಲ್ಲಿ ಒಬ್ಬಳನ್ನು ಹಿಂದೆ ಹಾಕಿದಳು. ಕೊನೆಯ ತಿರುವಿಗೆ ಬರುವಾಗ ಮುಂದಿದ್ದವಳ ಹೆಗಲಿಗೆ ಹೆಗಲಾದಳು. ಒಂದು ಹೆಜ್ಜೆ ಮುಂದೆಯೂ ಬಂದಳು. ಫಿಲೋಮಿನಾ ನನ್ನ ಪಕ್ಕದಲ್ಲಿ ತಮಿಳಿನಲ್ಲಿ ದೇವಮಾತೆಯನ್ನು ಕೂಗುತ್ತಿದ್ದಳು, ನಾನು ನಾರಾಯಣನನ್ನು. ತಿರುವು ಮುಗಿಯುವಲ್ಲಿ ರತ್ನ ಗಾಳಿಯಲ್ಲಿ ಯಾರೋ ಹಿಂದಿನಿಂದ ಹೊಡೆದಂತೆ ಒಮ್ಮೆ ನೆಟ್ಟಗಾದಳು. ಕೈ ತೊಡೆಯ ಹಿಂಭಾಗಕ್ಕೆ ಹೋಯಿತು. ಮತ್ತೆರಡು ಹೆಜ್ಜೆ ಒಂದೇ ಕಾಲಿನಲ್ಲಿ ಕುಪ್ಪಳಿಸಿ, ಬಿದ್ದಳು. ಉಳಿದವರೆಲ್ಲ ಅವಳನ್ನು ದಾಟಿ ಹೋದರು.

ನಾವು ತಲುಪುವಷ್ಟರಲ್ಲಿ ಅವಳು ಮೊಣಕೈ ಊರಿ ಕುಳಿತು ಕೊನೆಯ ಗೆರೆಯನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಫಿಲೋಮಿನಾ ಅವಳ ತೊಡೆಯನ್ನು ಮುಟ್ಟಿ ನೋಡಿದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಲಾಖೆಯ ಅಧಿಕಾರಿಯೂ ಎದ್ದು ಬಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಮರುಗಿದರು. "ಚೆನ್ನಾಗಿ ಓಡ್ತಾಳೆ. ಆದ್ರೆ ಮುಗಿಸದೇ ಇದ್ದೋರನ್ನ ನಾನು ಹೇಗೆ ತಗೊಳ್ಳೋದು ಹೇಳಿ?" ಎಂದರು.

ಆ ಹೊತ್ತಿಗೆ ಸರಿಯಾಗಿ ನಂಜುಂಡಯ್ಯನವರು ಜನರನ್ನು ಸರಿಸಿಕೊಂಡು ಬಂದರು. ಕಾಲು ಚಾಚಿ ಕುಳಿತಿದ್ದ ಹುಡುಗಿಯನ್ನು ಬಗ್ಗಿ ನೋಡಿ, ನನ್ನ ಕಡೆ ತಿರುಗಿ, ತೃಪ್ತಿಯಿಂದ ತಲೆಯಾಡಿಸಿದರು.

"ನೋಡಿದ್ರಾ ಮೇಡಂ? ರಾಹುಕಾಲ ಕಳೆದ ಮೇಲೆ ಓಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ನಿಮ್ಮ ಮಾತು ಕೇಳಿದ್ದಿದ್ರೆ ಏನಾಗಿರ್ತಿತ್ತೋ!"

ಜೀವಮಾನದಲ್ಲಿ ಎಷ್ಟೋ ದುಷ್ಟರನ್ನು ಕಂಡಿದ್ದೇನೆ. ಅವರ ಮೇಲೆ ಕೋಪ ಬಂದಿದೆ, ಕಾಲಾನಂತರ ಹೋಗಿದೆ. ಆ ತೃಪ್ತ ಮುಖದ ಮೇಲೆ ನನಗೆ ಬಂದದ್ದು ಕೋಪವಲ್ಲ. ಅನ್ನದಲ್ಲಿ ಕೂದಲು ಸಿಕ್ಕಿದಾಗ ಗಂಟಲಿನಲ್ಲಿ ಏಳುವಂಥದ್ದು. ಅವರನ್ನು ಕ್ಷಮಿಸಲು ಭಗವಂತನನ್ನು ಬೇಡಿಕೊಂಡಿದ್ದೇನೆ. ಆತ ಕ್ಷಮಿಸಿದನೋ ಏನೋ, ನನಗೆ ಮಾತ್ರ ಆ ಮುಖ ನೆನಪಾದರೆ ಇಂದಿಗೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ. ನಾನು ನಂಬಿದ ಶಾಸ್ತ್ರವನ್ನೇ ಕೈಯಲ್ಲಿ ಹಿಡಿದು ಅವರು ಒಂದು ಮಗುವಿನ ಕಾಲು ಮುರಿದಿದ್ದರು, ಮುರಿದದ್ದು ತಿಳಿಯದಷ್ಟು ಭಕ್ತಿಯಿಂದ.

ರತ್ನ ವಾರಗಟ್ಟಲೆ ಕಾಲು ಮೇಲಿಟ್ಟುಕೊಂಡು ಮಲಗಿದಳು. ಸಂಕ್ರಾಂತಿ ಕಳೆಯಿತು. ಗಂಡಿನ ಕಡೆಯವರು ಬಂದರು, ಒಪ್ಪಿದರು. ಹಾಲು ಅಳೆಯುವಾಗ ಚನ್ನಪ್ಪ ನನ್ನ ಮುಖ ನೋಡದೆ ಹೇಳಿದ: "ಮಾತು ಕೊಟ್ಟಿವ್ನಿ ಮೇಡಂನೋರೆ. ಇನ್ನೇನ್ ಮಾಡಾಣ."

ಮಾಘ ಮಾಸದ ಒಂದು ಬೆಳಗ್ಗೆ, ಲಗ್ನಕ್ಕೆ ಕೆಲವೇ ದಿನಗಳಿರುವಾಗ, ರತ್ನ ಹೇಳದೆ ಕೇಳದೆ ಮೈದಾನಕ್ಕೆ ಬಂದಳು. ಹಳೆಯ ಓಟದ ಉಡುಪು, ಮೇಲೆ ಸ್ವೆಟರ್. ಕಾಲು ಪೂರ್ತಿ ವಾಸಿಯಾಗಿತ್ತು. ನಡಿಗೆಯಲ್ಲಿ ಕುಂಟು ಇರಲಿಲ್ಲ. ಫಿಲೋಮಿನಾಳ ಮುಖ ಅರಳಿತು. ರತ್ನ ಸ್ವೆಟರ್ ಬಿಚ್ಚಿ ಬೆಂಚಿನ ಮೇಲಿಟ್ಟು ನಡೆಯಲು ಆರಂಭಿಸಿದಳು. ಆಮೇಲೆ ನಿಧಾನವಾದ ಸುತ್ತುಗಳು. ಕೊರಳು, ಹೆಗಲು, ಸೊಂಟ, ಮಂಡಿ, ಹರಡು. ಅರ್ಧ ಮುಚ್ಚಿದ ಕಣ್ಣು, ಒಳಗೆ ಆಲಿಸುವ ಅದೇ ಮುಖ. ಕಿರಿಯ ಹುಡುಗಿಯರು ತಮ್ಮ ಅಭ್ಯಾಸ ನಿಲ್ಲಿಸಿ ನೋಡತೊಡಗಿದರು. ಗೋಡೆಯ ಮೇಲೂ ಅಂದು ಯಾರೂ ಸಿಳ್ಳು ಹಾಕಲಿಲ್ಲ. ಮಂಡಿಯೆತ್ತಿ ಹೆಜ್ಜೆ ಹಾಕಿದಳು. ಬಿರುಸಾಗಿ ನಾಲ್ಕು ಹೆಜ್ಜೆ ಓಡಿ ನಿಂತಳು, ಮತ್ತೆ ಓಡಿ ನಿಂತಳು. ಹಣೆಯ ಮೇಲೆ ಬೆವರು ಮೂಡಿತು.

ಫಿಲೋಮಿನಾ ಗೆರೆಯ ಬಳಿ ಸೀಟಿಯನ್ನು ಬಾಯಿಗಿಟ್ಟು ಕಾದಳು. ರತ್ನ ಗೆರೆಯವರೆಗೂ ಬಂದು, ಬಾಗಿ, ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೆಟ್ಟಗೆ ನಿಂತಳು.

"ಸಾಕು ಮಿಸ್."

"ಏನೇ ಸಾಕು? ಇಷ್ಟು ಚೆನ್ನಾಗಿ ಬಿಸಿ ಆಗಿದೀಯ. ಓಡೇ. ಅರ್ಧ ಸುತ್ತಾದ್ರೂ ಓಡೇ ನನ್ ಕಣ್ಣು."

"ಬೇಡ ಮಿಸ್. ಓಡಿದ್ರೆ ನಾಳೇನೂ ಓಡ್ಬೇಕು ಅನ್ಸತ್ತೆ."

ಫಿಲೋಮಿನಾ ಸೀಟಿಯನ್ನು ಬಾಯಿಂದ ತೆಗೆದಳು. ಗಾಳಿ ತಾಕುವುದಕ್ಕೆ ಮುಂಚೆ ತಾನೇ ಸ್ವೆಟರನ್ನು ಎತ್ತಿಕೊಂಡು ಬಂದು ಅವಳಿಗೆ ತೊಡಿಸಿ, ಒಂದೊಂದಾಗಿ ಗುಂಡಿಗಳನ್ನು ಹಾಕಿದಳು.